ಮರಳ ದ್ವೀಪದಲ್ಲಿ ಎರಡು ರಾತ್ರಿ

ಆಸ್ಟ್ರೇಲಿಯದ ಈಶಾನ್ಯ ಭಾಗದ ಕ್ವೀನ್ಸ್‌ಲೆಂಡ್ ರಾಜ್ಯದಲ್ಲಿ ಶುಕ್ರವಾರದ ಸಂಜೆಯಾಯಿತೆಂದರೆ ಅನೇಕ ಗೃಹಸ್ಥರಿಗೆ ಊರಿನಲ್ಲಿ ಕಾಲು ನಿಲ್ಲುವುದಿಲ್ಲ. ಡೇರೆ, ಹಾಸಿಗೆ, ಕುಡಿಯುವ ನೀರು, ಎರಡು ಮೂರು ದಿನಕ್ಕಾಗುವಷ್ಟು ದಿನಸಿ, ಇವೆಲ್ಲವನ್ನೂ ಎತ್ತರದ ಗಾಡಿಗಳಿಗೆ ತುಂಬಿ, ನಾಲ್ಕೈದು ಸಂಸಾರಗಳು ಒಟ್ಟುಗೂಡಿ ಸಾಲಾಗಿ ಸಮುದ್ರದ ಕಡೆಗೆ ಹೊರಡುತ್ತವೆ. ಈ ಗಾಡಿಗಳು ಜೀಪಿನ ಜಾತಿಯವು. ಮುಂದಿನ ಎರಡು ಚಕ್ರಗಳಿಗೂ ಹಿಂದಿನ ಎರಡು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವುದರಿಂದ ಸಾಮಾನ್ಯ ಕಾರು ಕೈಚೆಲ್ಲಿ ನಿಲ್ಲುವ ಕಡೆ ಇವು ಮುಂದೆ ಸಾಗಬಲ್ಲವು. ಹೀಗೆ ಹೊರಟವರಲ್ಲಿ ಬಹುಮಂದಿಯ ಮನಸ್ಸಿನಲ್ಲಿರುವ ತಾಣ ಬ್ರಿಸ್ಬೇನ್ ನಗರದ ಉತ್ತರಕ್ಕೆ, ಕರಾವಳಿಗೆ ಅಂಟಿಕೊಂಡಂತೆ ಚಾಚಿರುವ ಒಂದು ದ್ವೀಪ. ಇಂಗ್ಲಿಷಿನಲ್ಲಿ ಬರೆಯುವಾಗ ಅದರ ಹೆಸರಿನ ಮೊದಲಲ್ಲಿ ‘ಕೆ’ ಅಕ್ಷರವಿದ್ದರೂ ಅದನ್ನು ಉಚ್ಚರಿಸುವುದಿಲ್ಲ. ಕನ್ನಡದ ಕಿವಿಗೆ ಅದು ಹಕ್ಕಿಯ ಗರಿಯಂತೆಯೇ ‘ಗರಿ’ ಎಂದು ಕೇಳಿಸುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲ ಜನರ ಮಾತಿನಲ್ಲಿ ಅದಕ್ಕೆ ಸ್ವರ್ಗವೆಂದು ಅರ್ಥ.

ಈ ಹೆಸರಿಗೂ ಒಂದು ಕಥೆಯುಂಟು. 1836ರಲ್ಲಿ ‘ಸ್ಟರ್ಲಿಂಗ್ ಕ್ಯಾಸಲ್’ ಎಂಬ ಹಡಗು ಒಡೆದಾಗ ಅದರ ಕಪ್ತಾನನ ಪತ್ನಿ ಎಲೈಜಾ ಫ್ರೇಸರ್ ಎಂಬಾಕೆ ಈ ತೀರವನ್ನು ಸೇರಿದಳು. ಆಕೆಯ ವೃತ್ತಾಂತ ಇಂಗ್ಲೆಂಡಿನಲ್ಲೆಲ್ಲ ಹರಡಿ, ದ್ವೀಪಕ್ಕೆ ಫ್ರೇಸರ್ ಎಂಬ ಹೆಸರೇ ನಿಂತುಬಿಟ್ಟಿತು. ಕೆಲಕಾಲ ಇದ್ದುಹೋದವಳ ಹೆಸರು ನಕ್ಷೆಯಲ್ಲಿ ಉಳಿದು, ಸಾವಿರಾರು ವರ್ಷ ಬಾಳಿದವರು ಇಟ್ಟ ಹೆಸರು ಮರೆಯಾಯಿತು. ಹಳೆಯ ಹೆಸರು ಅಧಿಕೃತವಾಗಿ ಹಿಂದಿರುಗಿದ್ದು 2023ರ ಜೂನ್ ತಿಂಗಳಿನಲ್ಲಿ.

ಜಗತ್ತಿನ ಮರಳದ್ವೀಪಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಉದ್ದ ಸುಮಾರು 120 ಕಿಲೋಮೀಟರು. ಮರಳೆಂದೊಡನೆ ಬೋಳು ದಿಬ್ಬಗಳನ್ನು ನೆನೆಯುವವರು ಇಲ್ಲಿ ಬೆರಗಾಗುತ್ತಾರೆ. ಆ ಮರಳಿನ ಮೇಲೆಯೇ ಮುಗಿಲು ಮುಟ್ಟುವ ಮರಗಳ ಮಳೆಕಾಡು ಬೆಳೆದಿದೆ. ನೂರಕ್ಕೂ ಹೆಚ್ಚು ಸಿಹಿನೀರಿನ ಸರೋವರಗಳಿವೆ. ಸುರಿದ ನೀರನ್ನೆಲ್ಲ ಕುಡಿದುಬಿಡಬೇಕಾದ ಮರಳು ಸರೋವರವನ್ನು ಹೇಗೆ ಹಿಡಿದಿಟ್ಟಿತು? ಉದುರಿ ಕೊಳೆತ ಎಲೆಗಳ ಸತ್ತ್ವ ಮರಳಿನೊಡನೆ ಬೆರೆತು ಗಾರೆಯಂತೆ ಗಟ್ಟಿಯಾಗಿ, ಅದೇ ಬೋಗುಣಿಯ ತಳವಾಯಿತು. ಅದರಲ್ಲಿ ಮಳೆಯ ನೀರು ನಿಂತಿತು. ಇಂಥ ನೆಲದಲ್ಲಿ 1863ರಿಂದ 1991ರವರೆಗೆ ಮರ ಕಡಿದರು. 1970ರ ದಶಕದಲ್ಲಿ ಖನಿಜಕ್ಕಾಗಿ ಮರಳನ್ನೇ ಬಗೆದರು. ಜಾನ್ ಸಿಂಕ್ಲೇರ್ ಮೊದಲಾದವರು ಹಟ ಹಿಡಿದು ಹೋರಾಡಿದುದರಿಂದ 1976ರ ಕೊನೆಗೆ ಗಣಿಗಾರಿಕೆ ನಿಂತಿತು. 1992ರಲ್ಲಿ ದ್ವೀಪ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇನ್ನು ಯಾತ್ರಿಕರ ಮಾತು. ಇನ್‌ಸ್ಕಿಪ್ ಎಂಬ ಭೂಶಿರದಿಂದ ಗಾಡಿಗಳನ್ನು ಹೊತ್ತೊಯ್ಯುವ ಚಪ್ಪಟೆ ದೋಣಿ ಹತ್ತೇ ನಿಮಿಷಗಳಲ್ಲಿ ದ್ವೀಪದ ದಕ್ಷಿಣ ತುದಿಯನ್ನು ಮುಟ್ಟಿಸುತ್ತದೆ. ಗಾಡಿಗೊಂದು, ಬಿಡಾರಕ್ಕೊಂದು ಪರವಾನಗಿಯನ್ನು ಮೊದಲೇ ಪಡೆದಿರಬೇಕು. ದೋಣಿಗೆ ಹತ್ತುವ ಮುನ್ನ ಎಲ್ಲರೂ ಇಳಿದು ಟೈರುಗಳಿಂದ ಗಾಳಿ ಬಿಡುತ್ತಾರೆ. ಟಾರು ರಸ್ತೆಯಲ್ಲಿ 35 ಪೌಂಡಿನಷ್ಟಿದ್ದ ಗಾಳಿಯನ್ನು 18 ಅಥವಾ 20 ಪೌಂಡಿಗೆ ಇಳಿಸುವುದು ವಾಡಿಕೆ. ಗಾಳಿ ಕಡಿಮೆಯಾದ ಟೈರು ಒಂಟೆಯ ಪಾದದಂತೆ ಹರಡಿಕೊಂಡು ಭಾರವನ್ನು ಹಂಚಿ, ಸಡಿಲ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ‘ನನ್ನ ಗಾಡಿಗೆ ಇದೆಲ್ಲ ಬೇಡ’ ಎಂದ ಧೀರರು ದೋಣಿಯವರೆಗೂ ತಲಪದೆ ಇನ್‌ಸ್ಕಿಪ್ಪಿನ ಮರಳಿನಲ್ಲಿಯೇ ಹೂತು, ಹಿಂದಿನವರ ನಗೆಗೆ ಗುರಿಯಾಗುವುದುಂಟು.

ಆಚೆಯ ದಡದಲ್ಲಿ ಹೆದ್ದಾರಿಯೆಂದರೆ ಕಡಲತೀರವೇ. ದ್ವೀಪದ ಪೂರ್ವಕ್ಕೆ ‘ಎಪ್ಪತ್ತೈದು ಮೈಲಿಯ ತೀರ’ ಎಂದು ಹೆಸರಾದ ಮರಳಪಟ್ಟಿ ಉದ್ದಕ್ಕೂ ಹಾಸಿದೆ. ಕಾನೂನಿನ ಕಣ್ಣಿಗೆ ಅದು ರಸ್ತೆ. ಎಡಗಡೆಯ ಸಂಚಾರ, ಸೊಂಟದ ಪಟ್ಟಿ, ಕುಡಿದು ಓಡಿಸಬಾರದೆಂಬ ನಿಯಮ, ಗಂಟೆಗೆ 80 ಕಿಲೋಮೀಟರಿನ ಮಿತಿ ಎಲ್ಲವೂ ಅಲ್ಲಿ ಸಲ್ಲುತ್ತವೆ. ಅದೇ ತೀರದಲ್ಲಿ ಸಣ್ಣ ವಿಮಾನಗಳೂ ಇಳಿಯುತ್ತವೆ. ಆಗ ಗಾಡಿಗಳು ದಾರಿ ಬಿಡಬೇಕು. ಆದರೆ ಆ ರಸ್ತೆಯ ನಿಜವಾದ ಯಜಮಾನ ಪೊಲೀಸಿನವನಲ್ಲ, ಸಮುದ್ರ. ಉಬ್ಬರದ ವೇಳೆ ರಸ್ತೆಯೇ ನೀರಿನಡಿ ಹೋಗುತ್ತದೆ. ನೀರು ಪೂರ್ತಿ ಏರುವ ಹೊತ್ತಿಗೆ ಎರಡು ಗಂಟೆ ಮುಂಚೆಯೂ ಎರಡು ಗಂಟೆ ತರುವಾಯವೂ ತೀರದಲ್ಲಿ ಗಾಡಿ ಓಡಿಸಬಾರದೆಂಬುದು ಅಲ್ಲಿನ ಅನುಭವಸ್ಥರ ಕಟ್ಟಪ್ಪಣೆ. ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುವುದರಿಂದ ನಿನ್ನೆಯ ಲೆಕ್ಕ ಇಂದಿಗೆ ಆಗುವುದಿಲ್ಲ. ಹೀಗಾಗಿ ಅಡುಗೆ, ಊಟ, ಹೊರಡುವ ಗಳಿಗೆ ಎಲ್ಲವನ್ನೂ ಉಬ್ಬರದ ಪಟ್ಟಿಯನ್ನು ನೋಡಿಯೇ ಗೊತ್ತುಮಾಡಬೇಕು. ಮುಹೂರ್ತ ನೋಡದೆ ಹೆಜ್ಜೆ ಇಡದ ಹಿರಿಯರಿದ್ದರೆ ಈ ದ್ವೀಪದಲ್ಲಿ ಅವರಿಗೇ ಹೆಚ್ಚು ಮರ್ಯಾದೆ ದೊರೆತೀತು!

ನೀರು ಇಳಿದಾಗಲೂ ಮೈಮರೆಯುವಂತಿಲ್ಲ. ಒಳನಾಡಿನ ಸಿಹಿನೀರಿನ ತೊರೆಗಳು ಸಮುದ್ರಕ್ಕೆ ಹರಿಯುವಲ್ಲೆಲ್ಲ ಮರಳನ್ನು ಕೊರೆದು ಹಳ್ಳ ಮಾಡಿರುತ್ತವೆ. ದೂರಕ್ಕೆ ತೀರ ಚಪ್ಪಟೆಯಾಗಿಯೇ ಕಾಣುತ್ತದೆ. ಹತ್ತಿರ ಬಂದಾಗ ಮೊಣಕಾಲೆತ್ತರದ ಕಡಿದಾದ ಅಂಚು. ವೇಗದಲ್ಲಿ ಬಂದವನು ಗಾಬರಿಯಿಂದ ಚಕ್ರ ತಿರುಗಿಸಿದರೆ ಎತ್ತರದ ಗಾಡಿ ಮಗುಚುವುದು ಸುಲಭ. ತರುಣ ಪ್ರವಾಸಿಗಳ ಗುಂಪುಗಳು ಹೀಗೆ ಅಪಘಾತಕ್ಕೀಡಾಗಿ ಪ್ರಾಣಹಾನಿಯಾದ ಮೇಲೆ, 2009ರಲ್ಲಿ, ಬಾಡಿಗೆಯ ಗಾಡಿಗಳಲ್ಲಿ ಕೂರುವವರ ಸಂಖ್ಯೆಗೂ ಮಾಡಿನ ಮೇಲೆ ಹೇರುವ ಸಾಮಾನಿಗೂ ಸರಕಾರ ಕಟ್ಟು ಹಾಕಿತು.

ಗುಂಪಾಗಿ ಹೋಗುವುದರ ಲಾಭ ಮರಳಿನಲ್ಲಿ ಹೂತಾಗ ಗೊತ್ತಾಗುತ್ತದೆ. ಒಂಟಿ ಗಾಡಿಗೆ ಸಲಿಕೆಯೊಂದೇ ಗತಿ. ಗುಂಪಿನವರಿಗೆ ಎಳೆಯುವ ನೆಂಟರಿರುತ್ತಾರೆ. ಎಂಜಿನ್ನನ್ನು ಅಬ್ಬರಿಸಿದರೆ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಸುಮ್ಮನೆ ನಿಲ್ಲಿಸಿ, ಟೈರಿನ ಗಾಳಿಯನ್ನು ಇನ್ನಷ್ಟು ಇಳಿಸಿ, ಚಕ್ರದ ಮುಂದಿನ ಮರಳನ್ನು ತೆಗೆದು, ಬಂದ ಜಾಡಿನಲ್ಲಿಯೇ ಹಿಂದಕ್ಕೆ ಬರುವುದು ಜಾಣತನ. ಎಳೆಯಲೇಬೇಕಾದರೆ ಹಗ್ಗವನ್ನು ಅದಕ್ಕೆಂದೇ ಇರುವ ಗಟ್ಟಿ ಕೊಂಡಿಗೆ ಬಿಗಿಯಬೇಕು. ಬಂಡಿ ಎಳೆಯಲೆಂದು ಹಿಂಬದಿಯಲ್ಲಿರುವ ಉಕ್ಕಿನ ಗುಂಡಿಗೆ ಬಿಗಿದು, ಅದು ಮುರಿದು ಬಂದೂಕಿನ ಗುಂಡಿನಂತೆ ಹಾರಿ ಆಸ್ಟ್ರೇಲಿಯದಲ್ಲಿ ಜೀವಗಳು ಹೋಗಿವೆ. ಎಳೆಯುವಾಗ ಮಕ್ಕಳೂ ನೋಡುಗರೂ ದೂರ ನಿಲ್ಲಬೇಕು. ಆದರೆ ವಿನೋದವಿರುವುದು ಹತ್ತಿರದಲ್ಲಿ, ದೂರ ನಿಲ್ಲುವವರಾರು?

ಗುಂಪಿನ ಕೇಡೂ ಇಲ್ಲಿಂದಲೇ ಹುಟ್ಟುವುದು. ಒಂಟಿಯಾಗಿ ಹೋದವನು ಹೆದರಿ ಹತ್ತು ಬಾರಿ ನೋಡಿಕೊಳ್ಳುತ್ತಾನೆ. ಹದಿನೈದು ಇಪ್ಪತ್ತು ಜನರ ಬಿಡಾರದಲ್ಲಿ ಪ್ರತಿಯೊಬ್ಬನೂ ಇನ್ನೊಬ್ಬನು ನೋಡಿಕೊಂಡಿದ್ದಾನೆಂದು ನಂಬಿ ನಿದ್ದೆಹೋಗುತ್ತಾನೆ. ಮಾಂಸದ ಡಬ್ಬಿಯನ್ನು ಗಾಡಿಯೊಳಗೆ ಬೀಗ ಹಾಕಿ ಇಟ್ಟವರಾರು? ಮಗು ಯಾರ ಹಿಂದೆ ಹೋಯಿತು? ಬೆಂಕಿಗೆ ನೀರು ಸುರಿದವರಾರು? ಇವು ಮೂರೂ ಆ ದ್ವೀಪದಲ್ಲಿ ಸಣ್ಣ ಪ್ರಶ್ನೆಗಳಲ್ಲ.

ಅಲ್ಲಿನ ಕಾಡುನಾಯಿಗೆ ಡಿಂಗೊ ಎಂದೂ ಬುಚುಲ್ಲ ಮಾತಿನಲ್ಲಿ ವೊಂಗರಿ ಎಂದೂ ಹೆಸರು. ಸಾಕುನಾಯಿಗಳಿಗೆ ದ್ವೀಪದಲ್ಲಿ ಪ್ರವೇಶವಿಲ್ಲದುದರಿಂದ ಅದರ ವಂಶ ಬೆರಕೆಯಾಗದೆ ಉಳಿದಿದೆಯೆಂದು ಪ್ರತೀತಿ. ಹೊನ್ನಿನ ಬಣ್ಣ, ಬಡಕಲು ಮೈ, ನೋಡಿದರೆ ನಮ್ಮ ಬೀದಿಯ ನಾಯಿಯಂತೆಯೇ ಮರುಕ ಹುಟ್ಟಿಸುವ ಮುಖ. ಮರುಕಗೊಂಡು ಒಂದು ತುಂಡು ಎಸೆಯುವುದೇ ಅಪರಾಧ, ಅದಕ್ಕೆ ಭಾರಿ ದಂಡವುಂಟು. ಮನುಷ್ಯನ ಕೈಯಿಂದ ತಿಂದ ಮೃಗ ಮನುಷ್ಯನ ಅಂಜಿಕೆಯನ್ನು ಕಳೆದುಕೊಳ್ಳುತ್ತದೆ. ಇಂದು ಬೇಡಿದ್ದು ನಾಳೆ ಕಸಿಯಲು ಬರುತ್ತದೆ. 2001ರ ಏಪ್ರಿಲ್‌ನಲ್ಲಿ ಒಂಬತ್ತು ವರ್ಷದ ಬಾಲಕನೊಬ್ಬನನ್ನು ಡಿಂಗೊಗಳು ಕೊಂದವು. ಅದಾದ ಮೇಲೆ ಅಧಿಕಾರಿಗಳು ಸುಮಾರು ಮೂವತ್ತು ಡಿಂಗೊಗಳನ್ನು ಕೊಂದರು. ತಿನಿಸು ಎಸೆದು ಅವುಗಳ ಅಂಜಿಕೆ ಬಿಡಿಸಿದವರು ಆ ವೇಳೆಗೆ ತಮ್ಮ ತಮ್ಮ ಊರು ಸೇರಿ ಎಷ್ಟೋ ಕಾಲವಾಗಿದ್ದಿರಬೇಕು. ಈಗ ಮಕ್ಕಳಿರುವ ಸಂಸಾರಗಳು ಬೇಲಿ ಹಾಕಿದ ಬಿಡಾರದಲ್ಲಿಯೇ ಇಳಿಯಬೇಕೆಂದೂ ಮಕ್ಕಳು ಕೈಗೆಟಕುವಷ್ಟು ಹತ್ತಿರದಲ್ಲಿಯೇ ಇರಬೇಕೆಂದೂ ಎಚ್ಚರಿಸುತ್ತಾರೆ. ನಡೆಯಹೊರಟವರ ಕೈಯಲ್ಲಿ ಒಂದು ಕೋಲಿರುವುದು ರೂಢಿ.

ಬೆಂಕಿಯ ಕಥೆ ಇನ್ನೂ ಹತ್ತಿರದ್ದು. ಕಡಲ ಮುಂದೆ ರಾತ್ರಿ ಸೌದೆ ಉರಿಸಿ, ಸುತ್ತ ಕುಳಿತು ಹಾಡದಿದ್ದರೆ ಬಿಡಾರ ಹೂಡಿದ್ದೇಕೆ ಎಂದು ಯಾರಿಗಾದರೂ ಅನಿಸುವುದು ಸಹಜ. ಒಂದೆರಡು ಗೊತ್ತಾದ ಬಿಡಾರಗಳ ಕುಳಿಗಳಲ್ಲಿ ಹೊರತು ಗರಿಯಲ್ಲಿ ಬೆಂಕಿಗೆ ಅಪ್ಪಣೆಯಿಲ್ಲ. 2020ರ ಅಕ್ಟೋಬರಿನಲ್ಲಿ ದ್ವೀಪದ ಉತ್ತರ ಭಾಗದಲ್ಲಿ ಕೆಲವರು ಅಪ್ಪಣೆಯಿಲ್ಲದೆ ಒಂದು ಬೆಂಕಿ ಹೊತ್ತಿಸಿದರು. ಅದು ಕಾಡಿಗೆ ಹಿಡಿದು, ಎರಡು ತಿಂಗಳ ಕಾಲ ಉರಿದು, ದ್ವೀಪದ ಅರ್ಧಭಾಗವನ್ನು ಸುಟ್ಟಿತು. ಡಿಸೆಂಬರಿನ ಮೊದಲಲ್ಲಿ ಉರಿ ‘ಹ್ಯಾಪಿ ವ್ಯಾಲಿ’ ಎಂಬ ಪುಟ್ಟ ಊರಿನ ಅಂಚಿಗೆ ಬಂತು. ವಿಮಾನಗಳಿಂದ ನೀರು ಸುರಿದು, ಜನರು ಹೋರಾಡಿ ಮನೆಗಳನ್ನು ಉಳಿಸಿಕೊಂಡರು. ಕೊನೆಗೆ ಉರಿಗೆ ಪೂರ್ತಿ ಕಡಿವಾಣ ಹಾಕಿದ್ದು ಮಳೆ. ಕೆಂಡದ ಮೇಲೆ ಮರಳು ಮುಚ್ಚಿ ಹೋಗುವವರು ಇಂದಿಗೂ ಉಂಟು. ಮುಚ್ಚಿದ ಮರಳು ಒಲೆಯ ಬೂದಿಯಂತೆ ಕಾವನ್ನು ಕಾಪಾಡುತ್ತದೆಯೇ ಹೊರತು ಆರಿಸುವುದಿಲ್ಲ. ಬೆಳಗ್ಗೆ ಬರಿಗಾಲಿನಲ್ಲಿ ಓಡಿಬಂದ ಮಗುವಿನ ಪಾದ ಸುಡುವುದೂ ಹೀಗೆಯೇ. ನೀರನ್ನೇ ಸುರಿಯಬೇಕು, ಕೈಯಿಟ್ಟರೆ ತಣ್ಣಗಾಗುವವರೆಗೆ.

ಹಾಗೆಂದು ಗರಿ ದ್ವೀಪ ಬರಿಯ ಭಯದ ತಾಣವೇನೂ ಅಲ್ಲ. ಶನಿವಾರದ ಬಿಸಿಲಿನಲ್ಲಿ ಎಲೈ ತೊರೆಯ ಮಡಿಲಿಗೆ ಇಳಿದ ಮಕ್ಕಳನ್ನು ಮೇಲೆ ಕರೆತರುವುದೇ ತಾಯಂದಿರಿಗೆ ದೊಡ್ಡ ಕೆಲಸ. ಗಂಟೆಗೆ 40 ಲಕ್ಷ ಲೀಟರಿನವರೆಗೆ ಹರಿಯುತ್ತದೆಯೆಂದು ಹೇಳುವ ಆ ತಿಳಿನೀರು ಮಕ್ಕಳನ್ನು ತೇಲಿಸಿಕೊಂಡು ಮೆಲ್ಲಗೆ ತೀರದ ಕಡೆಗೆ ತರುತ್ತದೆ. ಅದರ ಉತ್ತರಕ್ಕೆ ‘ಮಹೇನೊ’ ಹಡಗಿನ ತುಕ್ಕು ಹಿಡಿದ ಅಸ್ಥಿಪಂಜರವಿದೆ. 1905ರಲ್ಲಿ ಸ್ಕಾಟ್ಲೆಂಡಿನಲ್ಲಿ ನೀರಿಗಿಳಿದ ಈ ಹಡಗು ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಆಸ್ಪತ್ರೆಯಾಗಿತ್ತು. 1935ರಲ್ಲಿ ಗುಜರಿಯಾಗಿ ಮಾರಾಟಗೊಂಡು ಜಪಾನಿಗೆ ಎಳೆದೊಯ್ಯಲ್ಪಡುತ್ತಿರುವಾಗ ಬಿರುಗಾಳಿಗೆ ಹಗ್ಗ ಕಡಿದು ಇಲ್ಲಿ ದಡ ಹತ್ತಿತು. ಇನ್ನೂ ಮೇಲಕ್ಕೆ ಹೋದರೆ ‘ಇಂಡಿಯನ್ ಹೆಡ್’ ಎಂಬ ಬಂಡೆಯ ಭೂಶಿರ. ಈ ಹೆಸರಿಗೂ ಭಾರತಕ್ಕೂ ಸಂಬಂಧವಿಲ್ಲ. 1770ರಲ್ಲಿ ಕ್ಯಾಪ್ಟನ್ ಕುಕ್ ಆ ಬಂಡೆಯ ಮೇಲೆ ನೆರೆದಿದ್ದ ಮೂಲನಿವಾಸಿಗಳನ್ನು ಕಂಡು, ಅಂದಿನ ಬಿಳಿಯರ ಅಭ್ಯಾಸದಂತೆ ‘ಇಂಡಿಯನರು’ ಎಂದು ಬರೆದುಕೊಂಡ. ಸಮುದ್ರದ ಸ್ನಾನ ಮಾತ್ರ ಇಲ್ಲಿ ಬೇಡ. ಸೆಳೆತವೂ ಇದೆ, ಶಾರ್ಕ್ ಮೀನುಗಳೂ ಇವೆ.

ಭಾನುವಾರ ಉಬ್ಬರ ಇಳಿದ ಮೇಲೆ ಸಾಲು ಮತ್ತೆ ದಕ್ಷಿಣಕ್ಕೆ ತಿರುಗುತ್ತದೆ. ಡೇರೆ ಬಿಚ್ಚಿದ ಜಾಗದಲ್ಲಿ ಯಾರಾದರೊಬ್ಬರು ಕೊನೆಯ ಸುತ್ತು ಬಂದು ಕಾಗದದ ಚೂರು, ಮೂಳೆ, ಕಿತ್ತಳೆಯ ಸಿಪ್ಪೆ ಆಯಬೇಕು. ನುರಿತ ಗುಂಪುಗಳು ಆ ಕೆಲಸಕ್ಕೆ ಒಬ್ಬರ ಹೆಸರನ್ನು ಶುಕ್ರವಾರವೇ ಗೊತ್ತುಮಾಡಿರುತ್ತವೆ. ಬೆಂಕಿಗೊಬ್ಬರು, ಡಬ್ಬಿಗಳಿಗೊಬ್ಬರು, ಮಕ್ಕಳ ತಲೆ ಎಣಿಸಲೊಬ್ಬರು. ದೋಣಿ ದಾಟಿದ ಮೇಲೆ ಟೈರುಗಳಿಗೆ ಮತ್ತೆ 35 ಪೌಂಡು ಗಾಳಿ ತುಂಬುತ್ತಾರೆ. ಊರು ತಲಪಿದೊಡನೆ ಗಾಡಿಯ ಅಡಿಭಾಗಕ್ಕೆ ಸಿಹಿನೀರು ಹಾಯಿಸಿ ಉಪ್ಪನ್ನು ತೊಳೆಯುತ್ತಾರೆ. ಇಲ್ಲವಾದರೆ ಒಂದೆರಡು ವರ್ಷಗಳಲ್ಲಿ ಅದರ ಪಾಡೂ ಮಹೇನೊ ಹಡಗಿನಂತೆಯೇ. ಹಾಸಿಗೆ ಬಟ್ಟೆಗಳ ಮಡಿಕೆಗಳಲ್ಲಿ ಉಳಿದ ಮರಳನ್ನು ಕೊಡವುವ ಕೆಲಸ ಇಡೀ ವಾರ ಸಾಗುತ್ತದೆ.