ಪಾಸ್‌ವರ್ಡ್‌ಗೂ ಮೊದಲು ಒಂದು ಬೀಗ

ಕಂಪ್ಯೂಟರ್ ಸುರಕ್ಷತೆಯ ಪಾಠವನ್ನು ನಾವು ಪ್ರಶಿಕ್ಷಣಾರ್ಥಿಗಳು ಪಾಸ್‌ವರ್ಡ್, ವೈರಸ್, ಒಟಿಪಿ ಎಂದು ಮೂರು ಮಾತಿನಲ್ಲಿ ಮುಗಿಸುತ್ತೇವೆ. ಸರ್ವರ್ ಇಟ್ಟಿರುವ ಜಾಗಕ್ಕೆ ಬೀಗ ಇದೆಯೇ ಎಂಬ ಪ್ರಶ್ನೆ ನಮ್ಮ ಪಾಠಯೋಜನೆಗಳಲ್ಲಿ ಬರುವುದೇ ಇಲ್ಲ. ಅದು ಮೊದಲ ಪ್ರಶ್ನೆಯಾಗಬೇಕು ಎಂಬುದು ನನ್ನ ಅಭಿಪ್ರಾಯ.

ನಾನು ಬೋಧನಾಭ್ಯಾಸ ಮಾಡಿದ ಪ್ರೌಢಶಾಲೆಯಲ್ಲಿ ಲ್ಯಾಬ್‌ನ ಸರ್ವರ್ ಬಾಗಿಲ ಪಕ್ಕದ ಮೇಜಿನ ಕೆಳಗಿತ್ತು. ಮಕ್ಕಳ ಬ್ಯಾಗುಗಳು ಅದಕ್ಕೆ ಒರಗಿರುತ್ತಿದ್ದವು. ಅದರೊಳಗೆ ಪ್ರವೇಶ ದಾಖಲೆಗಳು, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಸ್ಕ್ಯಾನ್ ಪ್ರತಿಗಳು, ಆಧಾರ್ ಸಂಖ್ಯೆಗಳು, ಅಂಕಪಟ್ಟಿಗಳು ಇದ್ದವು. ಪಾಸ್‌ವರ್ಡ್ ಇತ್ತು, ಬೀಗ ಇರಲಿಲ್ಲ.

ಪಾಸ್‌ವರ್ಡ್ ಸಾಲದೇ? ಸಾಲದು. ವಿಂಡೋಸ್‌ನ ಪಾಸ್‌ವರ್ಡ್ ಆ ವಿಂಡೋಸ್ ಮೂಲಕ ಒಳಬರುವವರನ್ನು ಮಾತ್ರ ತಡೆಯುತ್ತದೆ. ಹಾರ್ಡ್ ಡಿಸ್ಕನ್ನೇ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಎನ್‌ಕ್ರಿಪ್ಟ್ ಮಾಡಿರದ ಕಡತಗಳು ಪಾಸ್‌ವರ್ಡ್ ಕೇಳದೆಯೇ ತೆರೆದುಕೊಳ್ಳುತ್ತವೆ. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಅಷ್ಟೇ. ಕದಿಯುವ ಉದ್ದೇಶವೇ ಬೇಕಿಲ್ಲ. ಮೊಬೈಲ್ ಚಾರ್ಜ್ ಮಾಡಲು ಯಾರೋ ಸರ್ವರ್‌ನ ಪ್ಲಗ್ ಕಿತ್ತರೂ ದಾಖಲೆ ಕೆಡಬಹುದು.

‘ಮಕ್ಕಳ ಮಾಹಿತಿಯೆಲ್ಲ ಇಲಾಖೆಯ ಎಸ್‌ಎಟಿಎಸ್‌ನಲ್ಲಿದೆ, ನಮ್ಮಲ್ಲೇನಿದೆ?’ ಎನ್ನುವವರಿದ್ದಾರೆ. ಅಲ್ಲಿಗೆ ತುಂಬಿಸುವ ಮುನ್ನ ಮಾಡಿಕೊಂಡ ಪ್ರತಿಗಳು ಶಾಲೆಯ ಯಂತ್ರದಲ್ಲೇ ಉಳಿದಿರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷ ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಮಾಹಿತಿ ಇಟ್ಟುಕೊಂಡವರು ಅದನ್ನು ತಕ್ಕಮಟ್ಟಿಗೆ ಕಾಪಾಡಬೇಕು ಎನ್ನುತ್ತದೆ. ಕಾಯ್ದೆಯ ಮಾತು ಬಿಟ್ಟರೂ, ತಂದೆತಾಯಿ ಆ ಕಾಗದಗಳನ್ನು ಕೊಟ್ಟದ್ದು ನಮ್ಮನ್ನು ನಂಬಿ.

ಮಾಡಬೇಕಾದದ್ದು ದುಬಾರಿಯಲ್ಲ. ಗಾಳಿಯಾಡುವ, ಬೀಗವಿರುವ ರ‍್ಯಾಕನ್ನು ಗೋಡೆಗೆ ಬೋಲ್ಟ್ ಹಾಕಿ ಕೂರಿಸಬೇಕು. ಮುಚ್ಚಿದ ಕಬ್ಬಿಣದ ಬೀರು ಬೇಡ, ಯಂತ್ರ ಬಿಸಿಯಾಗುತ್ತದೆ. ಒಂದು ಕೀಲಿ ಲ್ಯಾಬ್ ನೋಡಿಕೊಳ್ಳುವ ಶಿಕ್ಷಕರ ಬಳಿ, ಇನ್ನೊಂದು ಮುಖ್ಯ ಶಿಕ್ಷಕರ ಬಳಿ ಇರಲಿ. ತೆರೆದವರ ಹೆಸರು, ದಿನಾಂಕ, ಕಾರಣ ಬರೆಯಲು ಒಂದು ರಿಜಿಸ್ಟರ್ ಇರಲಿ. ಡಿಸ್ಕ್ ಎನ್‌ಕ್ರಿಪ್ಟ್ ಆಗಿರಲಿ. ಬ್ಯಾಕಪ್ ಡಿಸ್ಕ್ ಬೇರೆ ಕೋಣೆಯಲ್ಲಿ, ಅದೂ ಬೀಗದೊಳಗೆ ಇರಬೇಕು. ಅದು ಕಳೆದರೂ ಎಲ್ಲವೂ ಕಳೆದಂತೆಯೇ.

ಒಂದು ಎಚ್ಚರಿಕೆ. ಕಳ್ಳತನದ ಭಯಕ್ಕೆ ಇಡೀ ಲ್ಯಾಬ್‌ಗೇ ಬೀಗ ಜಡಿದು, ಮಕ್ಕಳು ವರ್ಷಕ್ಕೆ ನಾಲ್ಕು ಬಾರಿಯೂ ಕಂಪ್ಯೂಟರ್ ಮುಟ್ಟದಂತೆ ಮಾಡುವ ಶಾಲೆಗಳೂ ಇವೆ. ಅದು ಸುರಕ್ಷತೆಯಲ್ಲ. ಸರ್ವರ್‌ಗೆ ಬೀಗ ಬಿದ್ದರೆ ಲ್ಯಾಬ್‌ನ ಬಾಗಿಲನ್ನು ಧೈರ್ಯವಾಗಿ ತೆರೆದಿಡಬಹುದು.

ಆದ್ದರಿಂದ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮ ಪಾಠಯೋಜನೆಯಲ್ಲಿ ಹತ್ತು ನಿಮಿಷದ ಚಟುವಟಿಕೆಯೊಂದನ್ನು ಸೇರಿಸಿ: ಮಕ್ಕಳಿಂದ ಲ್ಯಾಬ್‌ನ ನಕ್ಷೆ ಬರೆಸಿ, ಸರ್ವರ್ ಇರುವ ಜಾಗಕ್ಕೆ ಯಾರುಯಾರು ಕೇಳದೆ ಹೋಗಬಹುದು ಎಂದು ಪಟ್ಟಿ ಮಾಡಿಸಿ. ಆ ಪಟ್ಟಿಯನ್ನು ಮುಖ್ಯ ಶಿಕ್ಷಕರಿಗೂ ತೋರಿಸಿ.