ಸ್ವಂತ ಗಾಡಿಯ ಖರ್ಚೂ ಲೆಕ್ಕಕ್ಕೆ ಬರಲಿ

ಭೀಮಾ ದಂಡೆಯ ಭಂಡಾರಕವಠೆಯ ಕಡೆಗೆ ಒಕ್ಕಲುತನದ ಜೊತೆಗೆ ಹಾಲಿನ ವ್ಯಾಪಾರ, ಗೊಬ್ಬರದ ಅಂಗಡಿ ನಡೆಸುವ ಬಾಂಧವರುಂಟು. ಸೊಲ್ಲಾಪುರ, ಅಕ್ಕಲಕೋಟೆಗಳಿಗೆ ಅವರ ಓಡಾಟವೆಲ್ಲ ಸ್ವಂತ ಫಟಫಟಿ, ಸ್ವಂತ ಕಾರಿನ ಮೇಲೆಯೇ. ಆ ಖರ್ಚಿಗೆ ಆದಾಯ ತೆರಿಗೆಯಲ್ಲಿ ಸವಲತ್ತು ಉಂಟೆಂಬುದನ್ನು ಹಲವರು ಅರಿಯರು.

ಹೊಲದ ಬೆಳೆಯ ಉತ್ಪನ್ನಕ್ಕೆ ಆದಾಯ ತೆರಿಗೆ ಇಲ್ಲ. ಆದ್ದರಿಂದ ಹೊಲದ ಕೆಲಸಕ್ಕೆ ಓಡಿದ ಗಾಡಿಗೆ ಸವಲತ್ತಿನ ಮಾತೂ ಇಲ್ಲ. ಹಾಲಿನ ಮತ್ತು ಅಂಗಡಿಯ ಲಾಭ ಹಾಗಲ್ಲ. ವ್ಯಾಪಾರಕ್ಕೆ ಓಡಿದಷ್ಟರ ಮಟ್ಟಿಗೆ ಎಣ್ಣೆ, ರಿಪೇರಿ, ವಿಮೆ ಹಾಗೂ ನೂರಕ್ಕೆ 15ರ ಸವಕಳಿಯನ್ನು ಲಾಭದಲ್ಲಿ ಕಳೆಯಬಹುದು. ಮದುವೆ, ಜಾತ್ರೆಗೆ ಹೋದದ್ದನ್ನು ಸೇರಿಸಲಾಗದು. ಒಟ್ಟು ವ್ಯಾಪಾರದ ಮೇಲೆ ನೂರಕ್ಕೆ 8 ಇಲ್ಲವೆ 6 ಲಾಭವೆಂದು ಅಂದಾಜಿನಿಂದ ತೋರಿಸುವವರು ಗಾಡಿಯ ಖರ್ಚನ್ನು ಬೇರೆಯಾಗಿ ಕಳೆಯಲು ಬಾರದು. 2025–26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ ರೂಪಾಯಿಯವರೆಗಿನ ಇಂಥ ಆದಾಯಕ್ಕೆ ತೆರಿಗೆ ಬೀಳದು. ಅದರ ಅಂಚಿನಲ್ಲಿರುವವನಿಗೆ ಈ ಖರ್ಚೇ ದೊಡ್ಡ ಆಧಾರ.

ಅಮೇರಿಕದಲ್ಲಿ 2025ಕ್ಕೆ ಮೈಲಿಗೆ 70 ಸೆಂಟ್ ಎಂದು ದರ ಗೊತ್ತುಮಾಡಿದ್ದರು. ನಮ್ಮ ಸಣ್ಣ ವ್ಯಾಪಾರಿಗೂ ಕಿಲೋಮೀಟರಿಗೆ ಇಷ್ಟೆಂದು ಸರಕಾರ ಗೊತ್ತುಮಾಡುವುದು ನ್ಯಾಯವೆಂದು ನಾವು ಭಾವಿಸುತ್ತೇವೆ. ಚೀಟಿಗಳ ಕಂತೆ ಹೊತ್ತು ತಿರುಗುವ ತ್ರಾಸು ಆಗ ತಪ್ಪೀತು.

ಅಲ್ಲಿಯವರೆಗೆ ಬಾಂಧವರು ಒಂದು ವಹಿ ಇಡಲಿ. ತಾರೀಖು, ಹೋದ ಊರು, ಕೆಲಸ, ಕಿಲೋಮೀಟರು, ಇಷ್ಟನ್ನು ಅಂದಂದೇ ಬರೆಯಲಿ; ಎಣ್ಣೆಯ ಪಾವತಿಗಳನ್ನು ಜೋಪಾನ ಮಾಡಲಿ. ಬಾಯಿಮಾತಿನ ಖರ್ಚನ್ನು ಯಾವ ಕಚೇರಿಯೂ ನಂಬುವುದಿಲ್ಲ.