ಗಡಿಯಾಚೆಗೆ ಚಾಚಿದ ಹಿರಿಯರ ಒಡನಾಟ

ಐರೋಪ್ಯ ಒಕ್ಕೂಟದ ಜನಸಂಖ್ಯೆಯಲ್ಲಿ ಐದನೆಯ ಒಂದು ಪಾಲಿಗಿಂತ ಹೆಚ್ಚು ಮಂದಿ 65 ವರ್ಷ ದಾಟಿದವರು. ಅವರಲ್ಲಿ 1950ರ ಆಸುಪಾಸಿನಲ್ಲಿ ಹುಟ್ಟಿದವರು 1989ರಲ್ಲಿ ಬರ್ಲಿನ್ ಗೋಡೆ ಉರುಳಿದಾಗ ನಲವತ್ತರ ಹೊಸ್ತಿಲಲ್ಲಿದ್ದರು. ಎಂದರೆ ಓದು, ಉದ್ಯೋಗ, ಸಂಸಾರಗಳೆಲ್ಲ ಒಂದು ನೆಲೆಗೆ ಬಂದ ಮೇಲಷ್ಟೇ ಅವರಿಗೆ ತಮ್ಮದೇ ಖಂಡದ ಇನ್ನೊಂದು ಭಾಗ ತೆರೆದುಕೊಂಡಿತು. ಪಶ್ಚಿಮದ ಶಾಲೆಗಳಲ್ಲಿ ಇಂಗ್ಲಿಷನ್ನೋ ಫ್ರೆಂಚನ್ನೋ ಕಲಿಸುತ್ತಿದ್ದ ಕಾಲದಲ್ಲಿ ಪೂರ್ವ ಜರ್ಮನಿಯಿಂದ ಬಲ್ಗೇರಿಯದವರೆಗಿನ ಶಾಲೆಗಳಲ್ಲಿ ರಷ್ಯನ್ ಕಡ್ಡಾಯವಾಗಿದ್ದುದರಿಂದ, ಇಂದಿನ ತರುಣರಿಗೆ ಇಂಗ್ಲಿಷ್ ಒದಗಿಬರುವಂತೆ ಈ ತಲೆಮಾರಿಗೆ ಒದಗಿಬರುವ ಸಮಾನ ಭಾಷೆಯೂ ಇಲ್ಲ. ಯುರೋಪಿನ ಹಿರಿಯರು ಅಂತರ್ಜಾಲದಲ್ಲಿ ಪರಸ್ಪರ ಭೇಟಿಯಾಗುವುದರ ಮಹತ್ವವನ್ನು ಈ ಚರಿತ್ರೆಯ ಹಿನ್ನೆಲೆಯಲ್ಲಿ ನೋಡಬೇಕಾಗುತ್ತದೆ.

ಸಾಮಾಜಿಕ ಜಾಲತಾಣದಲ್ಲಿ ಖಾತೆ ತೆರೆದ ಮಾತ್ರಕ್ಕೆ ಅನ್ಯ ಸಂಸ್ಕೃತಿಯ ಪರಿಚಯವಾಗುತ್ತದೆ ಎಂಬ ನಂಬಿಕೆಗೆ ಆಧಾರ ಕಡಿಮೆ. ಬಳಕೆದಾರರು ಯಾವುದನ್ನು ಹೆಚ್ಚು ಹೊತ್ತು ನೋಡುತ್ತಾರೋ ಅಂಥದನ್ನೇ ಮತ್ತೆ ಮತ್ತೆ ಅವರ ಮುಂದಿಡುವ ಗಣಕ ಸೂತ್ರ, ಅಂದರೆ ಅಲ್ಗಾರಿದಮ್, ಹಿರಿಯರನ್ನು ಅವರವರ ಭಾಷೆ, ಊರು, ಬಂಧುಬಳಗದ ವಲಯದಲ್ಲೇ ಉಳಿಸುತ್ತದೆ. ಮೊಮ್ಮಕ್ಕಳ ಫೋಟೊ ನೋಡುವುದಕ್ಕೆ ಅದು ಸಾಕು. ಅಪರಿಚಿತರ ಬದುಕನ್ನು ಅರಿಯುವುದಕ್ಕೆ ಇಬ್ಬರೂ ಸೇರಿ ಮಾಡುವ ಒಂದು ಕೆಲಸ ಬೇಕು.

ಜರ್ಮನಿಯ ಉಲ್ಮ್ ನಗರದಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಹಿರಿಯರ ಕಲಿಕೆಯ ಪರಂಪರೆಯಿಂದ ಬೆಳೆದ ‘ಡ್ಯಾನ್ಯೂಬ್ ನೆಟ್‌ವರ್ಕರ್ಸ್’ ಎಂಬ ಬಳಗ ಈ ದೃಷ್ಟಿಯಿಂದ ಗಮನಾರ್ಹ. ಕಪ್ಪು ಅರಣ್ಯದಲ್ಲಿ ಹುಟ್ಟಿ, ಹತ್ತು ದೇಶಗಳನ್ನು ಹಾದು, ಸುಮಾರು 2,850 ಕಿಲೋಮೀಟರ್ ಹರಿದು ಕಪ್ಪು ಸಮುದ್ರ ಸೇರುವ ಡ್ಯಾನ್ಯೂಬ್ ನದಿಯ ದಡದ ದೇಶಗಳ ಹಿರಿಯರನ್ನು ಅದು ಅಂತರ್ಜಾಲದ ಮೂಲಕ ಜೊತೆಗೂಡಿಸುತ್ತದೆ. ನದಿಯಂಥ ವಿಷಯವನ್ನು ಕೈಗೆತ್ತಿಕೊಂಡಾಗ ಯಾರೂ ಬರಿಗೈಯವರಲ್ಲ. ರುಮೇನಿಯ ಮತ್ತು ಆಗಿನ ಯುಗೊಸ್ಲಾವಿಯಗಳ ಗಡಿಯಲ್ಲಿ 1972ರಲ್ಲಿ ಪೂರ್ಣಗೊಂಡ ಐರನ್ ಗೇಟ್ಸ್ ಅಣೆಕಟ್ಟಿನ ಹಿನ್ನೀರಿನಲ್ಲಿ ಅದಾ ಕಾಲೆ ಎಂಬ ದ್ವೀಪ, ಅಲ್ಲಿನ ತುರ್ಕಿ ಜನರ ಮನೆ, ಮಸೀದಿ, ಅಂಗಡಿಬೀದಿಗಳ ಸಮೇತ ಮುಳುಗಿಹೋಯಿತು. ಅದನ್ನು ಕಣ್ಣಾರೆ ಕಂಡ ತಲೆಮಾರು ಈಗ ಎಪ್ಪತ್ತು ಎಂಬತ್ತರ ಪ್ರಾಯದಲ್ಲಿದೆ. ನದಿಯ ಮೇಲ್ದಂಡೆಯಲ್ಲಿ ಬಾಳಿದವರಿಗೆ ಆ ನೆನಪು ಪಠ್ಯಪುಸ್ತಕಗಳಿಂದ ದೊರಕುವಂಥದ್ದಲ್ಲ. ಕಂಡವರು ಹೇಳಬೇಕು, ಕಾಣದವರು ಕೇಳಿ ಪ್ರಶ್ನಿಸಬೇಕು, ಅದೂ ಹೇಳುವವರು ಇರುವಾಗಲೇ.

ಸಮಾನ ಭಾಷೆಯಿಲ್ಲದ ತೊಡಕಿಗೆ ಯುರೋಪಿನ ಶಿಕ್ಷಣತಜ್ಞರು ಕಂಡುಕೊಂಡ ಉಪಾಯಗಳಲ್ಲಿ ‘ಟ್ಯಾಂಡಮ್’ ಕಲಿಕೆ ಮುಖ್ಯವಾದುದು. ಬೇರೆ ಬೇರೆ ಮಾತೃಭಾಷೆಯ ಇಬ್ಬರು ಜೋಡಿಯಾಗಿ ಒಬ್ಬರಿಂದೊಬ್ಬರು ಕಲಿಯುವ ಈ ಕ್ರಮವನ್ನು ಬೊಖುಮ್ ನಗರದ ರೂರ್ ವಿಶ್ವವಿದ್ಯಾಲಯದವರು 1990ರ ದಶಕದಲ್ಲೇ ಇ-ಮೇಲ್‌ಗೆ ಅಳವಡಿಸಿದ್ದರು. ಅರ್ಧ ಪತ್ರ ಒಬ್ಬರ ಭಾಷೆಯಲ್ಲಿ, ಉಳಿದರ್ಧ ಇನ್ನೊಬ್ಬರದರಲ್ಲಿ. ತಪ್ಪುಗಳನ್ನು ಆಯಾ ಭಾಷೆಯವರೇ ತಿದ್ದಿ ಮರಳಿಸಬೇಕು. ಇಲ್ಲಿ ಇಬ್ಬರೂ ಸರದಿಯಂತೆ ಗುರುವಾಗಿ, ಸರದಿಯಂತೆ ತೊದಲುವ ಶಿಷ್ಯರಾಗುವುದರಿಂದ ಮೇಲುಕೀಳಿಗೆ ಎಡೆಯಿರುವುದಿಲ್ಲ. ವಿಡಿಯೊ ಕರೆಯ ವೇಗಕ್ಕಿಂತ ಯೋಚಿಸಿ ಬರೆಯುವ ಈ ನಿಧಾನವೇ ಇಳಿವಯಸ್ಸಿನವರಿಗೆ ಹೆಚ್ಚು ಒಗ್ಗುತ್ತದೆ ಎಂದು ಹೇಳಲು ಸಾಕಷ್ಟು ಕಾರಣಗಳಿವೆ.

ಇಂಥ ಒಡನಾಟ ಯುರೋಪಿಗಷ್ಟೇ ಸೀಮಿತವಾಗಿಲ್ಲ. ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿದ್ದ ಸುಗತ ಮಿತ್ರ ಅವರು 2009ರಲ್ಲಿ ಕೊಟ್ಟ ಕರೆಗೆ ಓಗೊಟ್ಟ ಬ್ರಿಟನ್ನಿನ ಸ್ವಯಂಸೇವಕರು, ನಿವೃತ್ತ ಶಿಕ್ಷಕರೂ ಸೇರಿದಂತೆ, ಸ್ಕೈಪ್ ಮೂಲಕ ಹೈದರಾಬಾದಿನ ಮಕ್ಕಳಿಗೆ ಕಥೆ ಓದಿ ಹೇಳತೊಡಗಿದರು. ‘ಗ್ರ್ಯಾನಿ ಕ್ಲೌಡ್’, ಎಂದರೆ ಅಜ್ಜಿಯರ ಬಳಗ, ಎಂದು ಹೆಸರಾದ ಈ ಪ್ರಯೋಗದಲ್ಲಿ ಪಾಠ ಒಪ್ಪಿಸಿಕೊಳ್ಳುವುದಕ್ಕಿಂತ ಮಕ್ಕಳನ್ನು ಮೆಚ್ಚಿ ಹುರಿದುಂಬಿಸುವುದೇ ಹಿರಿಯರ ಪಾತ್ರವಾಗಿತ್ತು. 2003ರಲ್ಲಿ ಆರಂಭವಾದ, ಎಸ್ಟೋನಿಯದ ತಂತ್ರಜ್ಞರು ರೂಪಿಸಿದ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ಕಷ್ಟಪಟ್ಟು ಒಂದು ಸಾಧನವನ್ನು ರೂಢಿಸಿಕೊಂಡ ಎಂಬತ್ತರ ವಯಸ್ಸಿನವರಿಗೆ ಇಂಥ ಬದಲಾವಣೆ ಎಷ್ಟು ದೊಡ್ಡ ಹೊಡೆತವೆಂಬುದು ಕಂಪನಿಗಳ ಲೆಕ್ಕಕ್ಕೆ ಬರುವುದೇ ಇಲ್ಲ. ಆಗ ಪಕ್ಕದಲ್ಲಿ ಕುಳಿತು ಹೊಸದನ್ನು ತೋರಿಸಿಕೊಡುವವರು ಬೇಕು. ಪಿಯೆರ್ ವೆಲಾಸ್ 1973ರಲ್ಲಿ ಫ್ರಾನ್ಸಿನ ತುಲೂಸ್‌ನಲ್ಲಿ ಆರಂಭಿಸಿದ ‘ಮೂರನೆಯ ವಯಸ್ಸಿನ ವಿಶ್ವವಿದ್ಯಾಲಯ’, ಅಂದರೆ ನಿವೃತ್ತರಿಗಾಗಿ ನಡೆಯುವ ಕಲಿಕೆಯ ವ್ಯವಸ್ಥೆ, ಮತ್ತು ಊರೂರಿನ ಗ್ರಂಥಾಲಯಗಳು ಈ ಕೆಲಸಕ್ಕೆ ತಕ್ಕ ತಾಣಗಳು.

ಡೆನ್ಮಾರ್ಕಿನ ಚಿಂತಕ ಗ್ರುಂಟ್‌ವಿ ಅವರ ಹೆಸರಿನ ವಯಸ್ಕರ ಶಿಕ್ಷಣ ಕಾರ್ಯಕ್ರಮದಡಿ ಐರೋಪ್ಯ ಒಕ್ಕೂಟ 50 ದಾಟಿದವರನ್ನು ಕೆಲವು ವಾರಗಳ ಮಟ್ಟಿಗೆ ಇನ್ನೊಂದು ದೇಶಕ್ಕೆ ಸ್ವಯಂಸೇವಕರಾಗಿ ಕಳುಹಿಸುವ ಯೋಜನೆಯೊಂದನ್ನು ನಡೆಸಿತ್ತು. ಆ ಕಾರ್ಯಕ್ರಮ 2013ಕ್ಕೆ ಕೊನೆಗೊಂಡಿತು. ಈಗಿನ ಸ್ವಯಂಸೇವಾ ಕಾರ್ಯಕ್ರಮವಾದ ಐರೋಪ್ಯ ಸಾಲಿಡಾರಿಟಿ ಕೋರ್, ಮಾನವೀಯ ನೆರವಿನ ವಿಭಾಗವನ್ನು ಬಿಟ್ಟರೆ, 18ರಿಂದ 30 ವರ್ಷದವರಿಗೆ ಮಾತ್ರ ಮೀಸಲು. ಪರದೆಯ ಮೇಲೆ ಕುದುರಿದ ಸ್ನೇಹ ಒಮ್ಮೆಯಾದರೂ ಮುಖಾಮುಖಿಯಾದಾಗ ಗಟ್ಟಿಯಾಗುತ್ತದೆ ಎಂಬುದಾದರೆ, ಆ ಪಯಣಕ್ಕೆ ನೆರವು ಬೇಕಾದವರು ಸಣ್ಣ ಪಿಂಚಣಿಯಲ್ಲಿ ದಿನ ದೂಡುವ ಹಿರಿಯರೇ. ಸದ್ಯದ ಕಾರ್ಯಕ್ರಮಗಳ ಅವಧಿ 2027ಕ್ಕೆ ಮುಗಿಯಲಿದ್ದು, ಮುಂದಿನ ಸುತ್ತಿನ ನಿಯಮಗಳಲ್ಲಿ ಮೂವತ್ತರ ಆ ಮೇಲ್ಮಿತಿಯನ್ನು ಕೈಬಿಡುವುದು ನ್ಯಾಯ.